ಮೂರನೇ ಮೊಬೈಲಿನಲ್ಲಿ ರೆಹಮಾನ್

ಹುಣಸೂರು ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿ. ಭಾವ ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರ. ಬಾಮೈದ ಕೆ.ಆರ್. ನಗರದವನು, ಸಂಗೀತಪ್ರೇಮಿ, ಅಂದರೆ ಸ್ಪೀಕರ್‌ ಪಕ್ಕದಲ್ಲೇ ನಿಲ್ಲುವವನು.

"ಭಾವ, ಗಣೇಶನ್ನ ಬಿಡೋವಾಗ ಬಂದಿದ್ದ ಡಿಜೆ ಕೇಳುದ್ರಾ? ಏನ್ ಬೇಸು ಅಂತೀರಿ!"

"ಹೊಗೆಸೊಪ್ಪು ಬ್ಯಾರನ್ ಹೆಂಚು ಎರಡು ಜಾರ್ದೊ ಕಣ್ಲಾ. ಹಾಡು ಯಾವ್ದು?"

"ಅದು ಗೊತ್ತಾಗ್ಲಿಲ್ಲ. ಎದೆ ಡಬ್ ಡಬ್ ಅಂತು, ಸಾಕಲ್ವಾ?"

"2024ರ ಯುವ ದಸರಾದಲ್ಲಿ ಹಾಡು ಕೇಳಕ್ಕೆ ಉತ್ತನಹಳ್ಳಿಗೆ ಹೋಗಿದ್ದೆಯಲ್ಲ?"

"ಹೂಂ. ಮುಂದ್ಗಡೆ ಟಿಕೆಟ್ಟು 8,000, 5,000. ನಂದು ಹಿಂದ್ಗಡೆ ಪುಕ್ಕಟೆ ಜಾಗ. ರೆಹಮಾನ್‌ನ ವಿಡಿಯೊ ಮಾಡಿವ್ನಿ, ನೋಡಿ."

ವಿಡಿಯೊದಲ್ಲಿ ಮುಂದಿನವನ ಮೊಬೈಲು. ಅದರೊಳಗೆ ಅವನ ಮುಂದಿನವನ ಮೊಬೈಲು.

"ರೆಹಮಾನ್ ಎಲ್ಲವ್ನ್ಲಾ?"

"ಅಕೋ, ಆ ಮೂರನೇ ಮೊಬೈಲಲ್ಲಿ! ನಾಳೆ ಎಚ್.ಡಿ. ಕೋಟೆ ಕಡೆ ಇನ್ನೊಂದು ಡಿಜೆ ಐತೆ, ಬನ್ನಿ."

"ರಾತ್ರಿ 10ಕ್ಕೆ ಮೈಕು ನಿಲ್ಲಿಸ್ಬೇಕು ಅಂತ 2000ನೇ ಇಸವಿಯಿಂದ ಕಾನೂನೈತಲ್ಲಾ?"

"ಡಿಜೆ ಗಾಡೀಲಿ 10 ಗಂಟೆ ಆಗೋದು 12ಕ್ಕೆ ಭಾವ."

"ಸರಿ, ಟೀಗೆ ಸಕ್ರೆ ಹಾಕುಸ್ಲಾ?"

ಬಾಮೈದ ಕಿವಿಗೆ ಕೈ ಅಡ್ಡ ಹಿಡಿದ. "ಇಲ್ಲ ಭಾವ, ಇಳಯರಾಜ ಬಂದಿದ್ದ ದಿನ ಮೊಬೈಲಲ್ಲಿ ಚಾರ್ಜ್ ಇರ್ಲಿಲ್ಲ."