ಏಳೂವರೆ ಪೈಸೆಯ ಲೆಕ್ಕ

ರಾಯರೇ, ಆ ಹೋಟೆಲ್ ಬಿಲ್ ಬಿಸಾಡಬೇಡಿ, ಈ ಕಡೆ ಕೊಡಿ. ಕೆಳಗೆ ನೋಡಿ: ಸಿಜಿಎಸ್‌ಟಿ ಎರಡೂವರೆ ಪರ್ಸೆಂಟ್, ಎಸ್‌ಜಿಎಸ್‌ಟಿ ಎರಡೂವರೆ ಪರ್ಸೆಂಟ್. ಇನ್ನೂರು ರೂಪಾಯಿ ತಿಂಡಿಗೆ ಐದು ರೂಪಾಯಿ ಕೇಂದ್ರಕ್ಕೆ, ಐದು ರೂಪಾಯಿ ರಾಜ್ಯಕ್ಕೆ.

ಸರಿಸಮ ಪಾಲಾಯ್ತಲ್ಲ ಅಂತೀರಾ? ತಾಳಿ. ರಾಜ್ಯದ ಐದು ಇಲ್ಲೇ ಉಳಿಯುತ್ತೆ, ಸರಿ. ಕೇಂದ್ರದ ಐದರಲ್ಲಿ ನೂರಕ್ಕೆ 41ರಷ್ಟನ್ನು ಎಲ್ಲ ರಾಜ್ಯಗಳಿಗೂ ಹಂಚಬೇಕು ಅಂತ 15ನೇ ಹಣಕಾಸು ಆಯೋಗ ಗೊತ್ತುಮಾಡಿತ್ತು. ಆ ಎರಡು ರೂಪಾಯಿ ಚಿಲ್ಲರೆಯಲ್ಲಿ ಕರ್ನಾಟಕಕ್ಕೆ ಅದು 2021-26ಕ್ಕೆ ಕೊಟ್ಟಿದ್ದು ನೂರಕ್ಕೆ 3.647. ಗುಣಿಸಿ ನೋಡಿ, ಏಳೂವರೆ ಪೈಸೆ! ಅದಕ್ಕೂ ಹಿಂದಿನ ಆಯೋಗ 4.713 ಕೊಟ್ಟಿತ್ತು, ಆಗ ಹೆಚ್ಚುಕಡಿಮೆ ಹತ್ತು ಪೈಸೆ ಬರ್ತಿತ್ತು. ಬಿಹಾರಕ್ಕೆ ಹೆಚ್ಚು ಹೋಗುತ್ತೆ ಅಂತ ನನಗೆ ಹೊಟ್ಟೆಯುರಿ ಇಲ್ಲ. ಅಲ್ಲಿನ ಮಕ್ಕಳಿಗೂ ಶಾಲೆ, ಆಸ್ಪತ್ರೆ ಬೇಕು. ನನ್ನ ತಕರಾರೆಲ್ಲ ಸೆಸ್ಸು, ಸರ್ಚಾರ್ಜಿನ ಮೇಲೆ. ಆ ಹೆಸರಲ್ಲಿ ಎತ್ತಿದ ದುಡ್ಡನ್ನು ರಾಜ್ಯಗಳಿಗೆ ಹಂಚಬೇಕಾಗಿಲ್ಲ, ಸಂವಿಧಾನದ 270ನೇ ವಿಧಿಯೇ ಅದನ್ನು ಹೊರಗಿಟ್ಟಿದೆ. ನಾವು ಪೆಟ್ರೋಲ್ ಹಾಕಿಸಿದಾಗ ಕೇಂದ್ರಕ್ಕೆ ಹೋಗುವ ತೆರಿಗೆಯಲ್ಲಿ ಬಹುಪಾಲು ಇಂಥದ್ದೇ.

ದುಡ್ಡಿನ ಪಾಲು ಹೀಗಾದರೆ, ಕೆಲಸದ ಭಾರ ಯಾರ ಹೆಗಲ ಮೇಲಿದೆ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇದೆ. ಸೈನ್ಯ, ರೈಲು, ವಿದೇಶ ವ್ಯವಹಾರ ಕೇಂದ್ರದ್ದು. ಪೊಲೀಸು, ಆಸ್ಪತ್ರೆ, ಬೇಸಾಯ ರಾಜ್ಯದ್ದು. ರಾತ್ರಿ ಎದೆನೋವು ಬಂದರೆ ನೀವು ಓಡೋದು ಜಿಲ್ಲಾ ಆಸ್ಪತ್ರೆಗೆ. ಆದರೆ ಹೆಚ್ಚು ಹುಟ್ಟುವಳಿ ಇರೋ ಆದಾಯ ತೆರಿಗೆ, ಕಂಪನಿ ತೆರಿಗೆ ಹಾಕುವ ಅಧಿಕಾರ ದೆಹಲಿಯದ್ದು. ಮೂರನೆಯದು ಸಮವರ್ತಿ ಪಟ್ಟಿ, ಇಬ್ಬರೂ ಕಾನೂನು ಮಾಡಬಹುದು. ಜಗಳ ಬಂದರೆ ಸಾಮಾನ್ಯವಾಗಿ ಕೇಂದ್ರದ ಮಾತೇ ನಡೆಯುತ್ತೆ. ಶಿಕ್ಷಣ, ಕಾಡು ಎರಡೂ ಮೊದಲು ರಾಜ್ಯದ ಪಟ್ಟಿಯಲ್ಲೇ ಇದ್ದವು. ತುರ್ತುಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ಸಾಗಿಸಿತು. ಎಷ್ಟೋ ನಾಯಕರು ಜೈಲಲ್ಲಿದ್ದ ಹೊತ್ತಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಮಾಡಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳ್ತೀನಿ.

ದೆಹಲಿಯನ್ನೇ ದೂರ್ತೀರಿ, ಬೆಂಗಳೂರು ಸಾಚಾನಾ ಅಂತ ಕೇಳಿದ್ರಲ್ಲ, ಅದು ಸರಿಯಾದ ಪ್ರಶ್ನೆ. ಅಬ್ದುಲ್ ನಜೀರ್ ಸಾಬ್ ನೆನಪಿದ್ದಾರಾ? ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿ 1983ರ ಪಂಚಾಯಿತಿ ಕಾಯ್ದೆ ತಂದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೀತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ದೇಶಕ್ಕೆಲ್ಲ ಪಂಚಾಯಿತಿ ವ್ಯವಸ್ಥೆ ತಂದ 73ನೇ ತಿದ್ದುಪಡಿ ಬಂದಿದ್ದು 1993ರಲ್ಲಿ, ರಾಯರೇ. ಅಷ್ಟು ಮೊದಲೇ ದಾರಿ ತೋರಿಸಿದ ರಾಜ್ಯ ನಮ್ಮದು.

ಈಗ ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು, ಹೇಳಿ ನೋಡೋಣ? 2021ರಲ್ಲೇ ಅವಧಿ ಮುಗೀತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನ ಹೇಳಿದರೂ, ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಅಂತ ವರ್ಷಗಟ್ಟಲೆ ಮುಂದಕ್ಕೆ ಹಾಕಿಕೊಂಡೇ ಬಂದರು, ಆಡಳಿತಾಧಿಕಾರಿಗಳ ಕೈಗೆ ಕೊಟ್ಟು ಕೂತರು. ತನ್ನ ಪಾಲಿಗೆ ದೆಹಲಿಯಲ್ಲಿ ವಾದ ಮಾಡೋ ಸರ್ಕಾರ ಊರಿನವರ ಪಾಲನ್ನು ಹಿಡಿದಿಟ್ಟುಕೊಂಡರೆ ಆ ವಾದಕ್ಕೆ ಬಲ ಎಲ್ಲಿಂದ ಬರಬೇಕು? ಶಾಸಕರು ಈ ಸಲ ಬಡಾವಣೆಗೆ ಬಂದಾಗ ಚರಂಡಿ ವಿಷಯಕ್ಕಿಂತ ಮೊದಲು ಇದನ್ನೇ ಕೇಳೋಣ. ನೀವೂ ಬನ್ನಿ.