ಪೇಸ್ಟು ಎಲ್ಲರದು, ಬ್ರಶ್ಶು ಅವರವರದು

ಕಾಲೇಜು ಹುಡುಗ ಮನೆಯಿಂದ ಬರುತ್ತಾನೋ, ಹಾಸ್ಟೆಲ್ಲಿನಲ್ಲಿದ್ದಾನೋ, ರೂಮು ಮಾಡಿದ್ದಾನೋ ಅನ್ನುವುದನ್ನು ಅವನ ಬಾಯಿ ನೋಡಿಯೇ ಹೇಳಬಲ್ಲೆ ಎಂದು ನಾನು ಬಡಾಯಿ ಕೊಚ್ಚುವುದುಂಟು. ಈ ಮೂರೂ ಅವಸ್ಥೆಗಳನ್ನು ನನ್ನ ಹಲ್ಲುಗಳು ಕಂಡಿವೆ.

ಕೊಪ್ಪಳದ ಹತ್ತಿರದ ನಮ್ಮೂರು ಕಿನ್ನಾಳದ ಮನೆಯಲ್ಲಿ ಕಾನೂನು ಸರಳ. "ಬಾಯಿ ತೊಳಕೊಂಡಿಯೇನು?" ಎಂಬ ಅವ್ವನ ಪ್ರಶ್ನೆಗೆ ಉತ್ತರ ಸಿಗುವತನಕ ಚಹಾ ಒಲೆಯಿಂದ ಇಳಿಯುತ್ತಿರಲಿಲ್ಲ. ಧಾರವಾಡದ ಹಾಸ್ಟೆಲ್ಲಿನಲ್ಲಿ ಅವ್ವನ ಜಾಗಕ್ಕೆ ನಳ ಬಂತು. ಬಾಯಲ್ಲಿ ಬ್ರಶ್ ಇದ್ದವನಿಗೆ ಪಾಳಿ ಬಿಟ್ಟುಕೊಡಬೇಕೆಂಬುದು ಅಲ್ಲಿನ ಪದ್ಧತಿ. ಹಾಗಾಗಿ ಕೆಲವರು ಬರೀ ಮುಖ ತೊಳೆಯುವುದಕ್ಕೂ ಒಣ ಬ್ರಶ್ ಕಚ್ಚಿಕೊಂಡು ಬರುತ್ತಿದ್ದರು.

ಆಮೇಲೆ ಧಾರವಾಡದಲ್ಲೇ ಮಾಡಿದ ಸಪ್ತಾಪುರದ ರೂಮಿನಲ್ಲಿ ಪೇಸ್ಟು ಎಲ್ಲರದು, ಕೊಳ್ಳುವವರು ಮಾತ್ರ ಯಾರೂ ಇಲ್ಲ. ಟ್ಯೂಬನ್ನು ಸುರುಳಿ ಸುತ್ತಿ, ಚಪ್ಪಲಿಯಿಂದ ತುಳಿದು, ಕೊನೆಗೆ ಬ್ಲೇಡಿನಿಂದ ಸೀಳಿ ಬಳಿಯುತ್ತಿದ್ದೆವು. ರಾತ್ರಿ ಗಿರ್ಮಿಟ್ಟು, ಮಿರ್ಚಿ ತಿಂದು ಹಾಗೇ ಮಲಗುವುದು ವಾಡಿಕೆ. ಯಾವನಾದರೂ ರಾತ್ರಿ ಹಲ್ಲು ತಿಕ್ಕಿದರೆ "ಈಗೆಲ್ಲಿಗೆ ಹೊಂಟಿಪಾ?" ಎಂದು ವಿಚಾರಣೆ.

ಇಷ್ಟಕ್ಕೂ ನಮ್ಮ ಕಡೆಯ ಹಲ್ಲಿನ ಹಣೆಬರಹವೇ ಬೇರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟಿದ ನೀರನ್ನು ಚಿಕ್ಕಂದಿನಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಕಂದುಕಲೆ ಕೂತುಬಿಡುತ್ತದೆ. ಯಾವ ಬ್ರಶ್ಶಿಗೂ ಅದು ಹೋಗದು. ಅದೇ ಫ್ಲೋರೈಡು ಪೇಸ್ಟಿನಲ್ಲಿ ಅಳತೆಯಾಗಿದ್ದರೆ ಹುಳುಕು ತಡೆಯುತ್ತದಂತೆ! ರೂಮಿನವನೊಬ್ಬ ಫ್ಲೋರೈಡ್ ಇದೆಯೆಂದು ದೊಡ್ಡಕ್ಷರದಲ್ಲಿ ಬರೆದ ಟ್ಯೂಬು ತಂದಾಗ ಯಲಬುರ್ಗಾದ ಗೆಳೆಯ, "ಲೇ, ಇದು ನಮ್ಮೂರ ಬೋರಿನ್ಯಾಗ ಪುಕ್ಕಟೆ ಬರತೈತಿ" ಎಂದ. ದಂತ ಶಿಬಿರವೊಂದರಲ್ಲಿ ಎಳೆಯ ಡಾಕ್ಟರೊಬ್ಬಳು ನನ್ನ ಬಾಯಿಗೆ ಬ್ಯಾಟರಿ ಬಿಟ್ಟು, "ಗುಟ್ಕಾ ಯಾವಾಗಿನಿಂದ?" ಎಂದಳು. "ಊರಾಗ ಬೋರ್ ಹೊಡಿಸಿದಾಗಿಂದ್ರಿ" ಎಂದೆ. ಆಕೆ ಅದನ್ನೂ ಬರೆದುಕೊಂಡಳು.

ಊರಿಗೆ ಬಂದಾಗ ಚಿತ್ರಗಾರರ ಮನೆಗೆ ಹೋಗಿದ್ದೆ. ಜಾತ್ರೆಗೆ ಮುಂಚೆ ಹೊಸ ಬಣ್ಣಕ್ಕೆಂದು ಬಂದಿದ್ದ ಕಟ್ಟಿಗೆಯ ಗ್ರಾಮದೇವತೆ ದ್ಯಾಮವ್ವನ ಕೋರೆಹಲ್ಲು ಫಳಫಳ ಹೊಳೆಯುತ್ತಿದ್ದವು. ಹೊಟ್ಟೆ ಉರಿಯಿತು. "ನನಗೂ ಒಂದು ಕೈ ಬಿಳೀ ಬಣ್ಣ ಹಚ್ಚಿಬಿಡ್ರಿ" ಎಂದೆ. ಹಿರಿಯರು ಬಾಯಿ ತೆರೆಸಿ ನೋಡಿ, "ಮೊದಲ ಕಿಟ್ಟ ತುಂಬಬೇಕಾಕ್ಕತಿ, ಬಣ್ಣ ಆಮ್ಯಾಲಿನ ಮಾತು" ಎಂದರು. ಕಿಟ್ಟ ಅಂದರೆ ಕಟ್ಟಿಗೆಪುಡಿಗೆ ಹುಣಸೆಬೀಜದ ಅಂಟು ಕಲಸಿ ಮಾಡಿದ ಮೆತ್ತು. ದಂತವೈದ್ಯರು ದುಡ್ಡು ತೆಗೆದುಕೊಂಡು ಹೇಳಿದ್ದೂ ಇದನ್ನೇ.

2023ರಲ್ಲಿ ಕೊಪ್ಪಳಕ್ಕೇ ವಿಶ್ವವಿದ್ಯಾಲಯ ಬಂತು. ನಮ್ಮೂರ ಹುಡುಗರು ಬಸ್ಸಿನಲ್ಲಿ ಹೋಗಿ ಬಂದು ಓದಬಹುದು, ಹಲ್ಲುಗಳು ಅವ್ವಂದಿರ ಸುಪರ್ದಿಯಲ್ಲೇ ಉಳಿಯುತ್ತವೆ. ಆದರೂ ಅಕ್ಕನ ಮಗ, "ಮಾಮಾ, ಧಾರವಾಡದಾಗ ಕೋಚಿಂಗ್ ಚೊಲೋ ಐತಿ" ಎಂದು ಹಟ ಹಿಡಿದು ಹೊರಟ. ಅಕ್ಕ ಶೇಂಗಾ ಚಟ್ನಿ, ರೊಟ್ಟಿಗಳ ಜೊತೆ ಎರಡು ಟ್ಯೂಬು ಪೇಸ್ಟು ಕಟ್ಟಿದಳು. ಒಂದನ್ನು ಟ್ರಂಕಿನ ತಳದಲ್ಲಿ ಬಚ್ಚಿಡು ಅಂದೆ. ಅವನು ಎರಡನ್ನೂ ಬಚ್ಚಿಟ್ಟ.