ಸರ್ವರ್ ಮೇಷ್ಟ್ರು

ಮಧುಗಿರಿಯಲ್ಲಿ ಯಾರ ಮನೆಗಾದರೂ ಹೊಸ ಟೀವಿ ಬಂದರೆ, ಅದನ್ನು ಗೋಡೆಗೆ ಕೂರಿಸುವ ಹುಡುಗ ಬರುವ ಮೊದಲೇ ಸರ್ವರ್ ಮೇಷ್ಟ್ರು ಬಂದಿರುತ್ತಾರೆ. ಎಷ್ಟು ಇಂಚು, ಎಷ್ಟು ದುಡ್ಡು ಎಂದೆಲ್ಲ ಅವರು ಕೇಳುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಟೀವಿಯ ಬೆನ್ನು ನೋಡುತ್ತಾರೆ. ಲ್ಯಾನ್ ವೈರ್ ಸಿಕ್ಕಿಸುವ ತೂತು ಇದೆಯೇ ಎಂದು ಬೆರಳಾಡಿಸಿ, ಇದೆ ಎಂದು ಖಾತ್ರಿಯಾದ ಮೇಲೆ ಕುರ್ಚಿಗೆ ಒರಗಿ, “ಎಲ್ಲಾ ಸರಿ ಸ್ವಾಮಿ, ಸಿನಿಮಾ ಎಲ್ಲಿಡ್ತೀರಿ?” ಎನ್ನುತ್ತಾರೆ.

ಸಿನಿಮಾವನ್ನು ಎಲ್ಲಾದರೂ ಇಡಬೇಕು ಎಂಬುದು ಆ ಮನೆಯವರಿಗೆ ಅಲ್ಲಿಯವರೆಗೆ ಹೊಳೆದೇ ಇರುವುದಿಲ್ಲ.

ಇಂಥವರು ನಮ್ಮೂರಿನ ಸ್ವತ್ತೇನಲ್ಲ. ಶಿರಾದಲ್ಲಿ ಒಬ್ಬರಿದ್ದಾರೆ, ಬ್ಯಾಂಕಿನವರು. ಕೊರಟಗೆರೆಯಲ್ಲಿ ಔಷಧಿ ಅಂಗಡಿ ಇಟ್ಟವರೊಬ್ಬರು. ಪಾವಗಡದಲ್ಲಿ ಇಲ್ಲ ಎಂದರೆ ನಾನು ನಂಬುವುದಿಲ್ಲ. ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಕಂಕುಳಲ್ಲಿ ಸದಾ ಒಂದು ಹಳೆಯ ಹಾಜರಿ ಪುಸ್ತಕ. ಮಕ್ಕಳ ಹೆಸರಿರಬೇಕಾದ ಕಡೆ ಸಿನಾಲಜಿ, ಕ್ಯೂನ್ಯಾಪ್, ಟೆರಾಮಾಸ್ಟರ್, ರಾಸ್ಪ್‌ಬೆರಿ ಪೈ ಎಂದು ಸಿನಿಮಾ ಇಡುವ ಪೆಟ್ಟಿಗೆಗಳ ಹೆಸರನ್ನು ಸಾಲಾಗಿ ಬರೆದಿದ್ದಾರೆ. ತಾರೀಖಿನ ಮನೆಗಳಲ್ಲಿ ಆಯಾ ದಿನದ ಬೆಲೆ. ಇನ್ನೂರು ರೂಪಾಯಿ ಇಳಿದ ದಿನ ಹಸಿರು ಶಾಯಿ, ಏರಿದ ದಿನ ಕೆಂಪು. ಕಡಲೆಕಾಯಿ ಬೆಳೆದವರು ರೇಟು ಏರಲಿ ಎಂದು ಮೂಟೆ ಇಟ್ಟುಕೊಂಡು ಕಾಯುವ ಹಾಗೆ, ಮೇಷ್ಟ್ರು ಡಿಸ್ಕಿನ ರೇಟು ಇಳಿಯಲಿ ಎಂದು ಕಾಯುತ್ತಾರೆ. ಕಾಯಲು ಶುರು ಮಾಡಿದ್ದು 2011ರಲ್ಲಿ. ಆಗ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ, ಪ್ರಪಂಚದಾದ್ಯಂತ ಬೆಲೆ ಏರಿತ್ತು. ನೀರು ಇಳಿದು ಯಾವ ಕಾಲವಾಯಿತೋ. ಮೇಷ್ಟ್ರು ಮಾತ್ರ, “ಇನ್ನೂ ಸ್ವಲ್ಪ ಇಳೀಲಿ” ಎನ್ನುತ್ತಲೇ ಇದ್ದಾರೆ.

ಅವರ ಆಸೆ ದೊಡ್ಡದೇನಲ್ಲ. ಮನೆಯ ಮೂಲೆಯಲ್ಲಿ ಸರ್ವರ್ ಎಂಬ ಎರಡು ಡಿಸ್ಕಿನ ಒಂದು ಪೆಟ್ಟಿಗೆ ಇಡಬೇಕು, ಇರುವ ಸಿನಿಮಾವನ್ನೆಲ್ಲ ಅದಕ್ಕೆ ತುಂಬಬೇಕು, ಹಾಲಿನ ಟೀವಿಯಲ್ಲೋ ಮಂಚದ ಮೇಲಿನ ಫೋನಿನಲ್ಲೋ ಬೇಕಾದಾಗ ನೋಡಬೇಕು. ತೋರಿಸುವ ಕೆಲಸಕ್ಕೆ ಜೆಲ್ಲಿಫಿನ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗದಿರುವುದು ಪೆಟ್ಟಿಗೆ. ಅದನ್ನು ಕೊಂಡರೂ ಒಳಗೆ ಖಾಲಿ, ಡಿಸ್ಕಿಗೆ ಬೇರೆ ದುಡ್ಡು. ಮೇಷ್ಟ್ರ ಮನಸ್ಸಿನಲ್ಲಿರುವ ಬಜೆಟ್ಟು ಇಪ್ಪತ್ತೈದು ಸಾವಿರ. ಮನೆಯಲ್ಲಿ ಹೇಳಿರುವುದು ಎಂಟು.

ಮನೆಯವರಿಗೆ ಒಮ್ಮೆ ವಿವರಿಸಲು ಹೋದರು. ನಾಲ್ಕು ಟಿಬಿಯ ಎರಡು ಡಿಸ್ಕ್ ಹಾಕಿದರೆ ಸಿಗುವುದು ನಾಲ್ಕೇ ಟಿಬಿ, ಏಕೆಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ ಎಂದರು. ಆ ನಾಲ್ಕನ್ನೂ ಕಂಪ್ಯೂಟರು 3.63 ಎಂದೇ ತೋರಿಸುತ್ತದೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆದರೆ ಕಂಪ್ಯೂಟರು 1024ರ ಲೆಕ್ಕದಲ್ಲಿ ಅಳೆಯುತ್ತದೆ ಎಂದೂ ಸೇರಿಸಿದರು.

ಮೇಡಮ್ಮನವರು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. “ರೀ, ಎಂಟಕ್ಕೆ ದುಡ್ಡು ಕೊಟ್ಟು ಮೂರೂವರೆ ತರೋಕೆ ಬಿ.ಎಸ್ಸಿ., ಬಿ.ಎಡ್. ಬೇರೆ ಮಾಡ್ಬೇಕಿತ್ತಾ?”

“ಮೂರೂವರೆ ಅಲ್ವೇ, ಮೂರು ಪಾಯಿಂಟ್ ಆರು ಮೂರು.”

ಅಷ್ಟಕ್ಕೂ ತುಂಬುವುದೇನನ್ನು? ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರುತ್ತಿದ್ದ ಕಾಲದಲ್ಲಿ ಮೇಷ್ಟ್ರು ಕೊಂಡಿದ್ದ ತಟ್ಟೆಗಳು ಎರಡು ರಟ್ಟಿನ ಪೆಟ್ಟಿಗೆಯಷ್ಟಿವೆ. ಕದ್ದ ಸಿನಿಮಾ ಅವರಿಗಾಗದು, ಆ ವಿಷಯದಲ್ಲಿ ಮನುಷ್ಯ ಅಪ್ಪಟ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಒಂದು ದಿನ ಎಣಿಸಿ, “ಸಾ, ಇನ್ನೂರ್ ತಟ್ಟೆ ಅವೆ. ಒಂದೊಂದು 4.7 ಜಿಬಿ ಅಂದ್ರೂ 940 ಜಿಬಿ ಆಯ್ತದೆ. ಒಂದೇ ಟಿಬಿ ಸಾಕಲ್ವಾ ಸಾ?” ಎಂದ. ಗುಣಾಕಾರ ಕಲಿಸಿದವರು ಮೇಷ್ಟ್ರೇ. “ಮುಂದಕ್ಕೆ ಬೇಕಾಗುತ್ತೆ ಕಣೋ” ಎಂದು ಹುಡುಗನನ್ನು ಕಳಿಸಿದರು.

ಬೆಂಗಳೂರಿನ ಎಸ್.ಪಿ. ರೋಡಿಗೂ ಹೋಗಿ ಬಂದರು. ಅಲ್ಲಿ ಆಫೀಸುಗಳಿಂದ ಕಳಚಿ ತಂದ ಹಳೆಯ ಕಂಪ್ಯೂಟರುಗಳು ಸಿಗುತ್ತವೆ. ನಿಜ ಹೇಳಬೇಕೆಂದರೆ ಕಡಿಮೆ ದುಡ್ಡಿನವರಿಗೆ ಅದೇ ಒಳ್ಳೆಯ ದಾರಿ. ಟೀವಿಗೆ ಅರ್ಥವಾಗದ ಫೈಲನ್ನು ಓಡುತ್ತಿರುವಾಗಲೇ ಬೇರೆ ನಮೂನೆಗೆ ತಿರುಗಿಸಿ ಕಳಿಸುವ ತಾಕತ್ತು ಅಗ್ಗದ ಪೆಟ್ಟಿಗೆಗಳಿಗೆ ಕಡಿಮೆ. ತೀರಾ ಹಳೆಯದಲ್ಲದ ಇಂಟೆಲ್ ಚಿಪ್ಪಿನ ಕಂಪ್ಯೂಟರಿಗೆ ಅದು ಸಲೀಸು. ಮೇಷ್ಟ್ರು ಒಂದನ್ನು ಆರಿಸಿಯೂ ಬಿಟ್ಟಿದ್ದರು. ಆದರೆ ಡಿಸ್ಕಿನ ಅಂಗಡಿಯಲ್ಲಿ ನಿಂತುಬಿಟ್ಟರು. ವೆಸ್ಟರ್ನ್ ಡಿಜಿಟಲ್‌ನವರ ಕೆಲವು ರೆಡ್ ಡಿಸ್ಕುಗಳು ಒಂದರ ಮೇಲೊಂದು ಪಟ್ಟಿ ಬರೆಯುವ ಎಸ್ಎಂಆರ್ ಬಗೆಯವು, ಗ್ರಾಹಕರಿಗೆ ಅದನ್ನು ತಿಳಿಸಿರಲಿಲ್ಲ ಎಂಬ ಗದ್ದಲ 2020ರಲ್ಲಿ ಎದ್ದಿತ್ತು. ಅಂದಿನಿಂದ ಮೇಷ್ಟ್ರು ಯಾವ ಡಿಸ್ಕನ್ನೂ ಭೂತಗನ್ನಡಿಯಿಲ್ಲದೆ ನೋಡುವುದಿಲ್ಲ. ಮಾಡೆಲ್ ನಂಬರಿನ ಕೊನೆಯ ಅಕ್ಷರ ಓದುವಷ್ಟರಲ್ಲಿ ಅಂಗಡಿಯ ಹುಡುಗ, “ಸಾರ್, ಬಾಗ್ಲಾಕೋ ಟೈಮಾಯ್ತು” ಎಂದ. ಕೊನೆಯ ಬಸ್ಸಿಗೆ ಮೇಷ್ಟ್ರು ಬರಿಗೈಲಿ ಬಂದರು.

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಗೃಹಜ್ಯೋತಿ. 2023ರಲ್ಲಿ ಯೋಜನೆ ಬಂದ ಮೇಲೆ ಅವರ ಮನೆಯ ಕರೆಂಟ್ ಬಿಲ್ಲು ಸೊನ್ನೆ. ಯೋಜನೆಗೆ ಹಿಂದಿನ ಸಾಲಿನ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಅಷ್ಟರವರೆಗೆ ಪುಕ್ಕಟೆ ಎಂಬುದು ಇಂಥ ಮನೆಗಳಿಗಿರುವ ನಿಯಮ. ಮೇಷ್ಟ್ರ ಮನೆಯ ಸರಾಸರಿ 62 ಯೂನಿಟ್. ಶೇಕಡಾ 10 ಸೇರಿಸಿದರೆ 68. ಅಂದರೆ ತಿಂಗಳಿಗೆ ಆರು ಯೂನಿಟ್ಟಿನ ಜಾಗ. ಮೇಷ್ಟ್ರು ಕರಿಹಲಗೆಯ ಮುಂದೆ ನಿಂತು ಹಿಂದಿನಿಂದ ಲೆಕ್ಕ ಬಿಡಿಸಿದರು: ಆರು ಯೂನಿಟ್ಟನ್ನು 720 ಗಂಟೆಗೆ ಹಂಚಿದರೆ ಸಿಗುವುದು ಎಂಟು ವ್ಯಾಟ್ ಚಿಲ್ಲರೆ. ಹಗಲೂ ರಾತ್ರಿ ಉರಿಯುವ ಎರಡು ಡಿಸ್ಕಿನ ಪೆಟ್ಟಿಗೆಗೆ ಇಪ್ಪತ್ತು ವ್ಯಾಟ್ ಎಂದರೂ ತಿಂಗಳಿಗೆ 14.4 ಯೂನಿಟ್ ಬೇಕು. ಎಸ್.ಪಿ. ರೋಡಿನ ಹಳೇ ಕಂಪ್ಯೂಟರು ಐವತ್ತು ವ್ಯಾಟ್ ಎಳೆದರೆ 36.

ಮಿತಿ ದಾಟಿದಷ್ಟಕ್ಕೆ ಮಾತ್ರ ದುಡ್ಡು, ಪೆಟ್ಟಿಗೆಗಾದರೆ ತಿಂಗಳಿಗೆ ಐವತ್ತು ಅರವತ್ತು ರೂಪಾಯಿ. ಅಷ್ಟು ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಸೊನ್ನೆ ಬಿಲ್ಲು ಕಂಡ ಮನೆಗೆ ಐವತ್ತರ ಬಿಲ್ಲು ತರುವ ಧೈರ್ಯ ಯಾರಿಗಿದೆ? ಮೇಷ್ಟ್ರು ಬೇರೆ ಕಡೆ ಯೂನಿಟ್ ಉಳಿಸಲು ಹೊರಟರು. ಜಗಲಿಯ ದೀಪ ಆರಿತು. ತಾಯಿಯವರ ಹತ್ತಿರ ಹೋಗಿ, “ಅಮ್ಮ, ಮಿಕ್ಸೀಲಿ ರುಬ್ಬಿದ್ ಚಟ್ನಿಗೆ ರುಚೀನೇ ಇಲ್ಲ. ಒರಳಲ್ಲಿ ರುಬ್ಬಿದ್ರೆ ಹೆಂಗಿರ್ತಿತ್ತು!” ಎಂದರು. ಎಪ್ಪತ್ತೆಂಟರ ಆ ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿ, “ಒರಳು ಹಿತ್ತಲಲ್ಲೇ ಐತೆ ಕಣಪ್ಪ, ನೀನೇ ರುಬ್ಬು” ಎಂದರು. ಯೋಜನೆ ಅಲ್ಲಿಗೆ ನಿಂತಿತು.

ಸ್ವಂತ ಮನೆಯಲ್ಲಿ ಆಗದಿದ್ದುದನ್ನು ಮೇಷ್ಟ್ರು ಪರರ ಮನೆಯಲ್ಲಿ ಸಾಧಿಸಿದ್ದಾರೆ. ದಿನಸಿ ಸಾಹುಕಾರರೊಬ್ಬರ ಮನೆಯಲ್ಲಿ ಅವರೇ ನಿಂತು ಕೂರಿಸಿದ ಪೆಟ್ಟಿಗೆ ಇದೆ. ಒಂದೇ ಕಲ್ಲಿನ ನಮ್ಮೂರ ಬೆಟ್ಟದ ಮೇಲಿನ ಅಭಿಮಾನದಿಂದ ಅದಕ್ಕೆ ‘ಏಕಶಿಲೆ’ ಎಂದು ಹೆಸರಿಟ್ಟರು, ಒಳಗಿರುವುದು ಎರಡು ಡಿಸ್ಕ್. ಹಳೆಯ ಕಾಲದ ಕಲ್ಲುಗೋಡೆ ದಾಟಿ ವೈಫೈ ಬರಲೊಲ್ಲದು ಎಂದು ಮಾಳಿಗೆಯ ಮೇಲೆ ವೈರ್ ಎಳೆಸಿದರು. ಮೂರನೇ ದಿನ ಸಾಹುಕಾರರ ಫೋನು: “ಮೇಷ್ಟ್ರೇ, ನಿಮ್ ಏಕಶಿಲೆ ವೈರ್ನ ಕೋತಿ ಕಿತ್ತಾಕ್ಬುಟ್ಟೈತೆ.” ಪೈಪಿನೊಳಗೆ ವೈರ್ ಹಾಯಿಸಿದ್ದಾಯಿತು. ಆಮೇಲೆ ಕರೆಂಟು. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಆದರೂ ಸಾಹುಕಾರರ ಮನೆಯಲ್ಲಿ ಸಿನಿಮಾದ ಕ್ಲೈಮ್ಯಾಕ್ಸ್ ಹೊತ್ತಿಗೆ ದೀಪ ಹೋಗುತ್ತದೆ. ಇನ್ವರ್ಟರ್ ಇದ್ದರೂ ಅದು ಎಚ್ಚರಗೊಳ್ಳುವಷ್ಟರಲ್ಲಿ ಪೆಟ್ಟಿಗೆ ಆರಿ ಮತ್ತೆ ಮೊದಲಿನಿಂದ ಏಳುತ್ತಿತ್ತು. ಇನ್ವರ್ಟರಿನ ಹಿಂದೆ ಯುಪಿಎಸ್ ಎಂದು ಬರೆದ ಚಿಕ್ಕ ಸ್ವಿಚ್ಚನ್ನು ಮೇಷ್ಟ್ರು ಒತ್ತಿದರು, ಸರಿಹೋಯಿತು. ಆ ಸಾಯಂಕಾಲ ಅವರ ಮುಖದಲ್ಲಿದ್ದ ಕಳೆಯನ್ನು ಎಸ್ಎಸ್ಎಲ್‌ಸಿ ಫಲಿತಾಂಶದ ದಿನವೂ ನಾನು ಕಂಡಿಲ್ಲ.

ಸಾಹುಕಾರರ ಮೊಮ್ಮಗ ಏನೋ ಒತ್ತಲು ಹೋಗಿ ಇಡೀ ಒಂದು ಫೋಲ್ಡರನ್ನೇ ಅಳಿಸಿದ. ಎರಡನೇ ಡಿಸ್ಕಿನಲ್ಲಿ ಇರುತ್ತದಲ್ಲ ಎಂದು ಸಾಹುಕಾರರು ನಿಶ್ಚಿಂತೆಯಾಗಿದ್ದರು. ಒಂದರಲ್ಲಿ ಅಳಿದದ್ದು ಇನ್ನೊಂದರಲ್ಲೂ ಆ ಕ್ಷಣಕ್ಕೇ ಅಳಿಯುತ್ತದೆ, ಜೋಡಿ ಡಿಸ್ಕು ಬ್ಯಾಕಪ್ ಅಲ್ಲ, ಬೇರೆಯದೊಂದು ಪ್ರತಿ ಬೇರೆ ಕಡೆ ಇರಬೇಕು ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಇಂಥ ಮಾತು ಯಾರ ಕಿವಿಗೆ ಹೋಗುತ್ತದೆ? ಪುಣ್ಯಕ್ಕೆ ಅದರಲ್ಲಿದ್ದದ್ದು ಬರೀ ಡಬ್ಬಿಂಗ್ ಸಿನಿಮಾಗಳು.

ಸದ್ಯ ಮೇಷ್ಟ್ರ ಮನೆಯಲ್ಲಿ ಸಿನಿಮಾ ಓಡುತ್ತಿರುವುದು ಟೀವಿಯ ಬೆನ್ನಿಗೆ ಸಿಕ್ಕಿಸಿದ 64 ಜಿಬಿ ಪೆನ್ ಡ್ರೈವಿನಿಂದ. ತಾಯಿಯವರು ಅದರಲ್ಲೇ ‘ಬಂಗಾರದ ಮನುಷ್ಯ’ ನೋಡುತ್ತಾರೆ, ಎಷ್ಟನೇ ಸಲವೋ. ಮೇಷ್ಟ್ರು ಪಕ್ಕದಲ್ಲಿ ಕೂತು ಹಾಜರಿ ಪುಸ್ತಕ ತಿರುವುತ್ತಾರೆ. ಅವರು ಒಂದು ಸಿನಿಮಾವನ್ನು ಪೂರ್ತಿ ನೋಡಿದ್ದನ್ನು ಕಂಡವರಿಲ್ಲ. ನನ್ನ ಅನುಮಾನ ಇಷ್ಟೇ: ಕೊಳ್ಳುವ ದಿನ ಬಂದರೆ ಅವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ.

ಮಧುಗಿರಿ ಸೀಮೆಯಲ್ಲಿ ನಿಮ್ಮ ಮನೆಗೆ ಹೊಸ ಟೀವಿ ಬಂದಾಗ ಅವರು ಬಂದೇ ಬರುತ್ತಾರೆ. ಪೆಟ್ಟಿಗೆ ಕೊಳ್ಳಿ ಎಂದರೆ ನಕ್ಕು ಸುಮ್ಮನಾಗಿ. ಆದರೆ ಬೀರುವಿನಲ್ಲಿ ಗೀರು ಬಿದ್ದು ಮಲಗಿರುವ ನಿಮ್ಮ ಮದುವೆಯ ಸಿಡಿಯನ್ನು ಅವರ ಕೈಗೆ ಕೊಡಿ. ಓದುವಷ್ಟನ್ನು ಓದಿಸಿ, ಎರಡು ಕಡೆ ಪ್ರತಿ ಮಾಡಿ, ಭಾನುವಾರ ತಂದುಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಕಾಫಿಗೆ ಸಕ್ಕರೆ ಕಡಿಮೆ ಹಾಕಿ.